ನೆಟ್ಟಗೆ ನಿಲ್ಲಿಸಿದ ಗೂಟಗಳು

ಗುರುವಾರ, ಮಧ್ಯಾಹ್ನ

ನಮ್ಮ ಕಸದ ಗುಡ್ಡದ ಡಾಕ್ಟರಮ್ಮನಿಗೆ,

ಅಮ್ಮನ ಅಕ್ಕರೆ. ಫೋನ್ ಮಾಡಿದರೆ ನೀನು ಮೀಟಿಂಗಿನಲ್ಲಿದ್ದೀಯಂತೆ. ಅದಕ್ಕೇ ಗುಡ್ಡಕ್ಕೆ ಬಂದಿದ್ದ ನಿಮ್ಮ ಆಫೀಸಿನ ಜೀಪ್ ಡ್ರೈವರನ್ನು ಕಾಯಲು ಹೇಳಿ ಇದನ್ನು ಬರೆಯುತ್ತಿದ್ದೇನೆ. ಗುಡ್ಡ ಅಲುಗಿಲ್ಲ ಎಂದು ನಾಳೆ ಕೊಡಬೇಕಾದ ವರದಿಗೆ ಸಹಿ ಹಾಕಬೇಡ.

ಕಾರಣ ನಿನ್ನಪ್ಪ. ಬೈಯಬೇಡ, ಪೂರ್ತಿ ಓದು.

ಗುಡ್ಡದ ಬುಡದಲ್ಲಿ, ನಮ್ಮ ಹಿತ್ತಿಲಿನ ಆಚೆಗೆ, ಸಾಲಾಗಿ ಗೂಟ ನೆಡಿಸಿದ್ದೆಯಲ್ಲ. ಒಳಗೆ ನೀರು ತುಂಬಿ ಕಸ ಜಾರತೊಡಗಿದರೆ ಬುಡ ಉಬ್ಬುತ್ತದೆ, ಗೂಟ ವಾಲುತ್ತದೆ, ವಾಲಿದರೆ ಕೇರಿ ಖಾಲಿ ಮಾಡಿಸಬೇಕು ಎಂದು ನನಗೆ ಹೇಳಿದ್ದೆ. ಅವರಿಗೆ ಹೇಳಿರಲಿಲ್ಲ. ಬಡಗಿಯ ಕಣ್ಣು ಅವರದು, ಕಂಡವರ ಮನೆಗೆ ಹೋದರೂ ಗೋಡೆಯ ಫೋಟೊ ಸರಿಮಾಡದೆ ಕೂರುವವರಲ್ಲ. ಇವತ್ತು ಬಟ್ಟೆ ಒಣಹಾಕಲು ಹೋದರೆ, ಮಹಾರಾಯರು ನೆಟ್ಟಗಿದೆಯೇ ನೋಡಲು ತೂಗುಗುಂಡು ಇಳಿಬಿಟ್ಟುಕೊಂಡು ನಿನ್ನ ಗೂಟಕ್ಕೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದಾರೆ! ಹಾಳು ನಾಯಿಗಳು ವಾಲಿಸ್ತಾನೇ ಇರ್ತವೆ ಕಣೆ, ನಾನು ನೆಟ್ಟಗೆ ಮಾಡ್ತಾನೇ ಇರ್ತೀನಿ, ದೊಡ್ಡ ಸಾಹೇಬ್ರು ಬಂದು ನೋಡಿ ನಮ್ಮ ಹುಡುಗಿ ಕೆಲಸ ಸೊಟ್ಟ ಅನ್ಬಾರ್ದು ನೋಡು, ಅಂದರು. ಅಷ್ಟೂ ಗೂಟವನ್ನು ನಾಯಿಗಳು ನಮ್ಮ ಮನೆಯ ಕಡೆಗೇ ವಾಲಿಸುತ್ತವೆಯೇ ಎಂದು ಕೇಳಿದೆ. ಸುತ್ತಿಗೆ ಕೆಳಗಿಟ್ಟರು.

ನನಗೆ ನಗು ಬಂತು, ಆದರೂ ಬಟ್ಟೆ ಅಲ್ಲೇ ಬಿಟ್ಟು ನಿನಗೆ ಫೋನ್ ಮಾಡಲು ಓಡಿದೆ. ನಿನ್ನ ಮೇಲೆ ಅವರಿಗಿರುವ ಅಭಿಮಾನ ಅಷ್ಟಿಷ್ಟಲ್ಲ. ನನಗೂ ಕಡಿಮೆಯೇನಿಲ್ಲ ಬಿಡು. ಆ ವಾಸನೆಯಲ್ಲಿ ಮೊಣಕಾಲುದ್ದದ ಬೂಟು ಹಾಕಿ ನೀನು ಗುಡ್ಡ ಏರುವುದನ್ನು, ಅಲ್ಲಿ ಹೂತ ಕೊಳವೆಯೊಳಗೆ ಅಳತೆಯ ಪಟ್ಟಿ ಇಳಿಬಿಟ್ಟು ನೀರು ಎಷ್ಟು ಮೇಲೆ ಬಂದಿದೆ ಎಂದು ಪರೀಕ್ಷಿಸುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಎಷ್ಟು ಸಲ ಹಾಲು ಉಕ್ಕಿಸಿದ್ದೇನೋ. ನಾತ ಮುಚ್ಚಲು ಗುಡ್ಡದ ನೆತ್ತಿಗೇ ಮಣ್ಣು ಸುರಿಯಹೊರಟಿದ್ದ ಕಂಟ್ರಾಕ್ಟರನಿಗೆ, ಭಾರ ಬೇಕಾದದ್ದು ತಲೆಗಲ್ಲ, ಕಾಲಬುಡಕ್ಕೆ ಎಂದು ಎಲ್ಲರ ಮುಂದೆ ಹೇಳಿ ಲಾರಿ ತಿರುಗಿಸಿದೆಯಲ್ಲ, ಅವತ್ತು ಪಕ್ಕದ ಮನೆಯವಳಿಗೆ ನೀನು ನನ್ನ ಮಗಳು ಎಂದು ಹೇಳಿಕೊಂಡೆ. ಅವಳು ನಿನ್ನನ್ನು ಎತ್ತಿ ಆಡಿಸಿದವಳು, ಪಾಪ, ಹೊಸ ಸುದ್ದಿಯೆಂಬಂತೆ ಕೇಳಿಸಿಕೊಂಡಳು.

ಸಹಿ ಹಾಕದೆ ಕೇರಿ ಖಾಲಿ ಮಾಡಿಸಿದರೆ ಕೇರಿಯವರ ಬೈಗುಳವೆಲ್ಲ ನಿನಗೇ. ಬೈದುಕೊಳ್ಳಲಿ, ಬದುಕಿದ್ದರೆ ತಾನೇ ಬೈಯುವುದು. ಯಂತ್ರ ತಂದು ಹೊಸದಾಗಿ ಅಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಯಾರು ಏನೇ ಅಂದರೂ ನಿನ್ನ ಪಕ್ಷದವಳು,
ಅಮ್ಮ

ತಾ.ಕ.: ಅಪ್ಪ ಕಟ್ಟಿದ ಮನೆ ಹೋಗುತ್ತದಲ್ಲ ಎಂದು ನಿನ್ನ ಮನಸ್ಸು ಹಿಂಜರಿದೀತು, ಬೇಡ. ನಾನು ಇಷ್ಟು ಬರೆಯುವುದರೊಳಗೆ ಅವರು ನಮ್ಮ ಮುಂಬಾಗಿಲನ್ನು ಜೊತೆಗೆ ಒಯ್ಯಲೆಂದು ಚೌಕಟ್ಟಿನಿಂದ ಬಿಚ್ಚಿ ಬೀದಿಯಲ್ಲಿ ಒರಗಿಸಿದ್ದಾರೆ. ಕೇರಿಯೇ ಬಂದು ನಿಂತಿದೆ. ಗೂಟ ವಾಲಿಸ್ತಿರೋದು ನಾಯಿಯಲ್ಲ, ಗುಡ್ಡ. ಅದನ್ನ ಮುಚ್ಚಿಬಿಟ್ಟೋನು ನಾನು. ಮೊದ್ಲು ನಾವೇ ಹೊರಡ್ತೀವಿ, ನೀವೂ ಏಳಿ, ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ಈಗಷ್ಟೇ ಎದುರು ಮನೆಯವರು ತಮ್ಮ ಬಾಗಿಲನ್ನೂ ಬಿಚ್ಚಿಕೊಡಲು ಅವರನ್ನು ಕರೆದರು.