ಅಮಾವಾಸ್ಯೆಗೆ ನಿಂತ ಸರ್ವರ್

ರಾಯಚೂರು
ದೀಪಾವಳಿ ಮುಗಿದ ಶನಿವಾರ

ನಮ್ಮ ಮನೆಯವರಿಗೆ, ಸುನಂದಾ ಮಾಡುವ ನಮಸ್ಕಾರ.

ಆರೋಗ್ಯ ಹೇಗಿದೆ? ಭತ್ತದ ಧೂಳಿಗೆ ನಿಮ್ಮ ಕೆಮ್ಮು ಮತ್ತೆ ಶುರುವಾಗಿರಬೇಕು. ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ ಎಂದರೆ ಕೇಳುವವರಲ್ಲ ನೀವು. ಕಟಾವಿಗೆ ಹೋಗಿರುವ ಮಿರ್ಯಾಲಗುಡದ ಊಟ ನಿಮಗೆ ಸೇರುತ್ತಿಲ್ಲವೆಂದು ಡ್ರೈವರ್ ಶಕೀಲ್ ಹೇಳಿದ. ಕಟಾವು ಮಷೀನಿನ ಬೆಲ್ಟು ಒಯ್ಯಲು ಬಂದಿರುವ ಅವನ ಕೈಯಲ್ಲೇ ಈ ಪತ್ರ, ರೊಟ್ಟಿಗೆ ಹಚ್ಚಿಕೊಳ್ಳಲು ಅತ್ತೆಯವರು ಕಟ್ಟಿಕೊಟ್ಟ ಶೇಂಗಾ ಹಿಂಡಿ ಎರಡೂ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕುತ್ತೀರಿ, ಇಲ್ಲಿ ಮಾವನವರು ಪಕ್ಕದಲ್ಲೇ ಕೂತಿರುತ್ತಾರೆ.

ರೈತರು ನಮ್ಮ ಮಷೀನಿಗೆ ಪಾಳಿ ಹಚ್ಚುವ ವೆಬ್‌ಸೈಟಿಗೆ ಸರ್ವರ್ ಬಾಡಿಗೆ ಹಿಡಿಯುವಾಗಲೇ ನಾನು ಬಡಕೊಂಡೆ. ಎರಡು ಕಡೆ ಸಿಗುತ್ತಿತ್ತು. ಒಂದು ಕಡೆಯದು ಸ್ವಲ್ಪ ದುಬಾರಿ. ಆದರೆ ನನ್ನಂಥ ಕಂಪ್ಯೂಟರ್ ಓದಿದವರು ಮನೆಯಲ್ಲೇ ಕೂತು ಎಲ್ಲ ನೋಡಿಕೊಳ್ಳಬಹುದು, ದಿನಾ ನಕಲು ತೆಗೆದಿಡುತ್ತದೆ, ಏನಾದರೂ ಕೆಟ್ಟರೆ ಮತ್ತೆ ಎಬ್ಬಿಸಬಹುದು. ಇನ್ನೊಂದು ಅಗ್ಗದ್ದು, ಮಾನ್ವಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಿಮ್ಮ ತಂಗಿಯ ಮಾವ ಗಡಿಗೆಪ್ಪನದು. ಎಲ್ಲಿಂದಲೋ ಸಗಟು ಹಿಡಿದು ಚಿಲ್ಲರೆ ಮಾರುತ್ತಾನೆ. ದೇವದುರ್ಗದ ಟಂಟಂನಲ್ಲಿ ಜನ ತುಂಬಿದಂತೆ ಒಂದೇ ಯಂತ್ರದೊಳಗೆ ಗಿರಾಕಿಗಳನ್ನು ತುರುಕಿರುತ್ತಾನೆ. ಮಾವನವರು "ಬೀಗರು ಅದಾರ, ಅಗ್ಗಾನೂ ಅದ, ಮತ್ತೇನು ಬೇಕವ್ವಾ ನಿನಗ?" ಎಂದರು. ನೀವು ಅವರ ಮುಖ ನೋಡಿದಿರಿ, ನನ್ನ ಮುಖ ನೋಡಿದಿರಿ, ಚಹಾ ಕುಡಿದು ಎದ್ದು ಹೋದಿರಿ. ಕೊನೆಗೆ ಗಡಿಗೆಪ್ಪನದೇ ಗಟ್ಟಿಯಾಯಿತು.

ಅಮಾವಾಸ್ಯೆ ದಿನ ಎತ್ತಿಗೆ ನೊಗ ಹಾಕುವುದಿಲ್ಲ, ಸರಿ. ಟ್ರ್ಯಾಕ್ಟರಿಗೂ ರಜೆ, ಒಪ್ಪಿದೆ. ಮಾವನವರು ಗಡಿಗೆಪ್ಪನಿಗೆ ಫೋನ್ ಮಾಡಿ "ಅದೂ ದುಡಿಯೋ ಯಂತ್ರ ಅಲ್ಲೇನ್ರಿ? ಒಂದಿನ ನಿಲ್ಲಸ್ರಿ" ಎಂದುಬಿಟ್ಟರು! ಆತ ನಿಲ್ಲಿಸಿದ. ನಿಲ್ಲಿಸಿದ್ದು ಖಾಲಿ ಇದೆಯೆಂದು ಆ ಜಾಗವನ್ನು ಇನ್ನೊಬ್ಬ ಗಿರಾಕಿಗೆ ಕೊಟ್ಟ. ಮರುದಿನ ನೋಡಿದರೆ ನಮ್ಮ ಪಾಳಿಯೆಲ್ಲ ಅಳಿಸಿಹೋಗಿತ್ತು. ಕೇಳಿದ್ದಕ್ಕೆ "ಈ ರೇಟಿನಾಗ ನಕಲು ತೆಗಿಯೋದು ಬರಂಗಿಲ್ಲವ್ವಾ" ಎಂದು ಹಲ್ಲು ಕಿರಿದ. ಥೂ! ಅವನ ಹೆಸರೆತ್ತಿದರೆ ಹೇಸಿಗೆಯಾಗುತ್ತದೆ.

ಮುಂದಿನದು ಇನ್ನೂ ಅಸಹ್ಯ. ಪಾಳಿ ಹೋದದ್ದೇ ತಡ, ಮಾವನವರು ಬಾಯಿಮಾತಿನಲ್ಲಿ ಸರದಿ ಹಂಚತೊಡಗಿದ್ದಾರೆ. ಮಷೀನು ಊರಿಗೆ ಮರಳಿದ ಮೇಲೆ ಮೊದಲು ಯಾರಿಗೆ? ಮಾನ್ವಿಯಲ್ಲಿರುವ ಆ ಗಡಿಗೆಪ್ಪನ ಗದ್ದೆಗೇ! ಎಲ್ಲರಿಗಿಂತ ಮೊದಲು ಪಾಳಿ ಹಚ್ಚಿದ್ದವಳು ಚೀಕಲಪರ್ವಿಯ ಹಂಪಮ್ಮ. ಆಕೆಯ ಭತ್ತ ಗಾಳಿಗೆ ನೆಲಕ್ಕೊರಗಿ ಕಾಳು ಉದುರುತ್ತಿದೆ. ನಿನ್ನೆ ಮನೆಗೆ ಬಂದು "ಪಾಳಿ ನಂದಲ್ಲೇನ್ರಿ ಯಪ್ಪಾ?" ಎಂದು ಕೇಳಿದಳು. ಮಾವನವರು "ಕಂಪ್ಯೂಟರಿನಾಗ ನಿನ್ನ ಹೆಸರೇ ಇಲ್ಲಲ್ಲ" ಎಂದು ಪೇಪರ್ ಓದತೊಡಗಿದರು. ಈ ಮನೆಯ ಸೊಸೆ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಪಾಳಿ ತಪ್ಪುವುದಿಲ್ಲ ಎಂಬ ಒಂದೇ ನಂಬಿಕೆಗೆ ಜನ ಬರುತ್ತಿದ್ದರು.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ. ಮಾವನವರದೂ ಇದೆ ಎಂದು ಬರೆಯಬೇಕು, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಸುನಂದಾ

ವಿ.ಸೂ.: ಶಕೀಲ್ ಗಾಡಿ ಶುರು ಮಾಡಿದ, ಅವಸರದಲ್ಲಿ ಬರೆಯುತ್ತಿದ್ದೇನೆ. ಗಡಿಗೆಪ್ಪನನ್ನು ನಂಬದೆ ದಿನಾ ಸಂಜೆ ಪಾಳಿಯ ನಕಲನ್ನು ನಾನೇ ತೆಗೆದಿಡುತ್ತಿದ್ದೆ. ಇವತ್ತು ಬೆಳಿಗ್ಗೆ ಆ ದುಬಾರಿ ಸರ್ವರನ್ನು ನನ್ನ ಹೆಸರಿನಲ್ಲೇ ಹಿಡಿದು ಅದರಲ್ಲಿ ಹಾಕಿದೆ. ರೈತರೆಲ್ಲರ ಫೋನಿಗೂ ಅವರವರ ಸರದಿ ಹೋಗಿಯಾಯಿತು. ಮಾವನವರಿಗೆ ಇನ್ನೂ ಗೊತ್ತಿಲ್ಲ. ನೀವು ಮಷೀನು ತರುವಾಗ ಮಾನ್ವಿಯಲ್ಲಿ ನಿಲ್ಲದೆ ನೇರ ಚೀಕಲಪರ್ವಿಗೆ ಬನ್ನಿ, ಹಂಪಮ್ಮನ ಬದುವಿನ ಮೇಲೆ ನಿಂತಿರುತ್ತೇನೆ. ಗಡಿಗೆಪ್ಪನ ಗದ್ದೆಗೆ ಮೊದಲು ಇಳಿಸಿದಿರೋ, ಅಲ್ಲಿ ಮಷೀನಿನ ಮುಂದೆ ನಿಂತಿರುತ್ತೇನೆ.