ಹಿತ್ತಿಲ ಮೋಸಂಬಿ ಹುಳಿಯಾದ ಬಗೆ

ಕೊಟ್ಟೂರು

ಅತ್ತೆಯವರಿಗೆ ಸೊಸೆ ಸುಮಲತಾಳ ನಮಸ್ಕಾರ.

ಹಡಗಲಿಯಲ್ಲಿ ದೊಡ್ಡ ಮಗನ ಮನೆಯಲ್ಲಿ ಸುಖವಾಗಿದ್ದೀರಿ ಎಂದು ಕೇಳಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ "ಆಮ್ಯಾಗ ಮಾತಾಡು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ನಾನು ಮದುವೆಯಾಗಿ ಬಂದ ಮೂರನೇ ವರ್ಷ ಹಿತ್ತಿಲ ಮೋಸಂಬಿ ಗಿಡ ಹುಳಿ ಕಾಯಿ ಬಿಟ್ಟಿತು. "ಮುಟ್ಟಾದಾಕಿ ಮುಟ್ಯಾಳ, ಗಿಡ ಕೆಟ್ಟೈತಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಿರಿ. ನಿಜ, ಆ ದಿನಗಳಲ್ಲಿ ಒಮ್ಮೆ ಕಾಯಿ ಹಿಡಿದು ನೋಡಿದ್ದೆ. ಆಮೇಲೆ ಹದಿಮೂರು ವರ್ಷ ಆ ಗಿಡದ ನೆರಳಿಗೂ ಹೋಗಲಿಲ್ಲ. ಲಿಂಗವಂತರಿಗೆ ಸೂತಕವಿಲ್ಲವೆಂದು ಅದೇ ದಿನಗಳಲ್ಲಿ ನನ್ನಿಂದ ಲಿಂಗಪೂಜೆ ಮಾಡಿಸಿದವರೂ ನೀವೇ. ಲಿಂಗಕ್ಕೆ ತಟ್ಟದ ಮೈಲಿಗೆ ಮೋಸಂಬಿಗೆ ಹೇಗೆ ತಟ್ಟಿತು ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ.

ಎರಡು ವರ್ಷದ ಹಿಂದೆ ಗಿಡ ಒಣಗತೊಡಗಿತು. ನಿಮ್ಮ ಮಗ ಕಡಿಸೋಣ ಎಂದರು. ನಾನು ಹಗರಿಬೊಮ್ಮನಹಳ್ಳಿಯಿಂದ ನರ್ಸರಿಯ ಅರುಣ್ ಕುಮಾರನನ್ನು ಕರೆಸಿದೆ. ಅವನು ಎಲೆ ಹಿಸುಕಿ ಮೂಸಿದ, ಮುಳ್ಳು ನೋಡಿದ, ಬುಡದ ಮಣ್ಣು ಕೆದರಿದ. "ಅಕ್ಕಾರ, ಇದು ಮೋಸಂಬಿನ ಅಲ್ರಿ. ಮೋಸಂಬಿನ ಜಂಬೀರಿ ನಿಂಬಿ ಬುಡಕ್ಕ ಕಸಿ ಕಟ್ಟಿರತಾರ. ಮ್ಯಾಲಿನ ಸಿಹಿ ಟೊಂಗಿ ಯಾರೋ ಕಡಸ್ಯಾರ, ಕೆಳಗಿಂದ ಹುಳಿ ಜಂಬೀರಿ ಎದ್ದೈತಿ. ಆ ಗಾಯ ಕೊಳತು ಈಗ ಗಿಡ ಒಣಗಾಕತ್ತೈತಿ" ಎಂದು ಹಳೆಯ ಕೊಡಲಿ ಗಾಯ ತೋರಿಸಿದ.

ಯಾರು ಕಡಿಸಿದ್ದು, ಅತ್ತೆಯವರೇ? ನಾನು ಬಂದ ವರ್ಷದ ಬೇಸಿಗೆ, ಹಪ್ಪಳಕ್ಕೆ ಬಿಸಿಲು ಬೀಳುವುದಿಲ್ಲವೆಂದು ಕೂಲಿಯ ಮಂಜಣ್ಣನ ಕೈಗೆ ಕೊಡಲಿ ಕೊಟ್ಟವರು ನೀವು. ಹಪ್ಪಳ ಹರವುತ್ತ ನಾನು ಅಲ್ಲೇ ಇದ್ದೆ. ಗಿಡದ ಒಳಗುಟ್ಟು ನಿಮಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ತಿಳಿಯದ್ದನ್ನು ನನ್ನ ತಲೆಗೆ ಕಟ್ಟಿದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಗಾಯದ ಪಕ್ಕ ಬೆರಳು ಗಾತ್ರದ ಸಿಹಿ ಕವಲೊಂದು ಉಳಿದಿತ್ತು. ಜಂಬೀರಿ ಟೊಂಗೆಗಳನ್ನೆಲ್ಲ ಬುಡಕ್ಕೆ ಕೊಯ್ಯಿಸಿ ಗೊಬ್ಬರ ಹಾಕಿದೆ. ಕೆಳಗಿಂದ ಮತ್ತೆ ಎದ್ದ ಚಿಗುರನ್ನು ವಾರಕ್ಕೊಮ್ಮೆ ಚಿವುಟಿದೆ, ಮುಟ್ಟಾದ ದಿನಗಳಲ್ಲಂತೂ ಬೇಕೆಂದೇ. ಈ ಸಲ ಹನ್ನೊಂದು ಹಣ್ಣು ಬಿಟ್ಟಿದೆ. ಎಲ್ಲವೂ ಸಿಹಿ.

ಮೊದಲನೆಯದನ್ನು ಸುಲಿದು ಮಗಳು ಭೂಮಿಕಾಳಿಗೆ ಕೊಟ್ಟೆ. "ಬ್ಯಾಡವ್ವ, ಗಿಡ ಮತ್ತ ಕೆಟ್ರ ನನ್ನ ಮ್ಯಾಲೆ ಬರತೈತಿ" ಎಂದಳು. ಅವಳು ದೊಡ್ಡವಳಾದ ವರ್ಷ, ಅರುಣ್ ಕುಮಾರ ಬರುವ ಆರು ತಿಂಗಳು ಮೊದಲು, ಗಿಡದ ಹತ್ತಿರ ನಿಂತಿದ್ದಳೆಂದು ಅವಳ ರಟ್ಟೆ ಹಿಡಿದು ಎಳೆದಿದ್ದೆ. ನಿಮ್ಮ ಆ ಮಾತನ್ನೇ ನನ್ನ ಬಾಯಿಂದ ಅವಳಿಗೆ ಅಂದಿದ್ದೆ. ಬೆನ್ನಿಗೇ ಗಿಡ ಒಣಗಿತು. ತನ್ನಿಂದಲೇ ಎಂದು ಅವಳು ಈಗಲೂ ನಂಬಿದ್ದಾಳೆ. ಬಿಡಿಸಿ ಹೇಳಿದರೆ "ಅವತ್ತು ಬ್ಯಾರೆ ಹೇಳಿದ್ದಿಯಲ್ಲ" ಎನ್ನುತ್ತಾಳೆ.

ಮುಂದಿನ ವಾರ ರಜೆಗೆ ನಿಮ್ಮಲ್ಲಿಗೆ ಬರುತ್ತಾಳೆ. ನನ್ನ ಕ್ಷಮೆ ಕೇಳಬೇಡಿ, ಕೇಳುವವರೂ ಅಲ್ಲ ನೀವು. "ಸಿಹಿ ಟೊಂಗಿ ಕಡಸಿದಾಕಿ ನಾನ" ಎಂದು ಅವಳೆದುರು ಒಮ್ಮೆ ನಿಮ್ಮ ಬಾಯಿಂದ ಹೇಳಿ. ಅಜ್ಜಿಯ ಮಾತನ್ನು ಅವಳು ಇನ್ನೂ ನಂಬುತ್ತಾಳೆ, ನನ್ನದನ್ನಲ್ಲ.

ಕೊಟ್ಟೂರೇಶ್ವರ ನಿಮಗೆ ಆಯುಷ್ಯ ಕೊಡಲಿ, ಅಷ್ಟು ಹೇಳುವವರೆಗಾದರೂ.

ನಿಮ್ಮ ಮಾತನ್ನು ಚಾಚೂ ತಪ್ಪದೆ ಮಗಳಿಗೆ ದಾಟಿಸಿದ ಸೊಸೆ,
ಸುಮಲತಾ