ಪ್ರಭುವಿನ ಕಾರಿನ ಬ್ರೇಕು

ಗುಬ್ಬಿ, ಶುಕ್ರವಾರ

ಇನಾಯತ್ ಭಾಯಿಯವರಿಗೆ,

ನಾನು ಪ್ರಭುವಿನ ತಾಯಿ. ದಯವಿಟ್ಟು ಹರಿದು ಹಾಕದೆ ಪೂರ್ತಿ ಓದಿ.

ನೀವು ರೇಸ್ ಟ್ರ್ಯಾಕಿಗೆಂದು ಹಾಕಿಕೊಟ್ಟ ಹೊಸ ಬ್ರೇಕು ಹಿಡಿಯದೆ ನನ್ನ ಮಗ ಸತ್ತನೆಂದು ನಮ್ಮ ಯಜಮಾನರು ಕಂಪ್ಲೇಂಟ್ ಕೊಟ್ಟಿದ್ದಾರೆ. ತುಮಕೂರಿನ ನಿಮ್ಮ ಗ್ಯಾರೇಜಿಗೆ ಬೀಗ ಬಿದ್ದಿದೆಯಂತೆ.

ಆಯುಧಪೂಜೆಯ ದಿನ ಪ್ರಭು ಆ ಹಳೇ ಸ್ಪೋರ್ಟ್ಸ್ ಕಾರನ್ನು ಮನೆ ಮುಂದೆ ನಿಲ್ಲಿಸಿ, "ನೋಡಮ್ಮ, ಇನ್ಮೇಲೆ ಎಷ್ಟೇ ಸ್ಪೀಡಲ್ಲಿದ್ರೂ ಗಕ್ಕಂತ ನಿಲ್ತದೆ. ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡು" ಎಂದ. ಕಾರು ತೊಳೆದ ಮೇಲೆ ಚಕ್ರದ ಸಂದಿಯಲ್ಲಿ ಕಾಣುವ ದೊಡ್ಡ ಡಿಸ್ಕುಗಳಿಗೆ ತೆಳ್ಳಗೆ ತುಕ್ಕು ಬಂದಿತ್ತು. ಅವನು ಸ್ನಾನಕ್ಕೆ ಹೋದಾಗ, ಕುಡುಗೋಲು ಮಚ್ಚುಗಳಿಗೆ ಹಚ್ಚುವ ಹಾಗೆ ನಾಲ್ಕಕ್ಕೂ ಕೊಬ್ಬರಿ ಎಣ್ಣೆ ಸವರಿ ಕುಂಕುಮ ಇಟ್ಟೆ. ಅವನಿಗೆ ಹೇಳಲಿಲ್ಲ. ಪೂಜೆ ಮುಗಿದೊಡನೆ ಅವನೂ ಗೆಳೆಯರೂ ಕಾರನ್ನು ಹಗ್ಗದಲ್ಲಿ ಎಳೆದು ಲಾರಿಗೆ ಹತ್ತಿಸಿಕೊಂಡು ಟ್ರ್ಯಾಕಿಗೆ ಹೋದರು.

ಮೊನ್ನೆ ಪಂಕ್ಚರ್ ಅಂಗಡಿಯವನು ಒಬ್ಬ ಬೈಕಿನವನಿಗೆ ಬೈಯುತ್ತಿದ್ದ: "ಏನ್ಲಾ, ಡಿಸ್ಕಿಗೆ ಎಣ್ಣೆ ಬುಟ್ಟಿದೀಯಲ್ಲ, ಬ್ರೇಕ್ ಎಲ್ಲಿ ಹಿಡೀತದೆ? ಸಾಯ್ಬೇಕಾ?" ನನಗೆ ಗೊತ್ತಾಗಿದ್ದು ಆಗಲೇ.

ಯಜಮಾನರಿಗೆ ಹೇಳಲು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ದಿನಾ ಬರೆಯುವ ಡೈರಿಯಲ್ಲಿ ಬರೆಯಲೂ ಆಗಲಿಲ್ಲ. ಬರೆದದ್ದು ನಿಮಗೆ ಮಾತ್ರ. ಈ ಕಾಗದವನ್ನು ಪೊಲೀಸರಿಗೆ ತೋರಿಸಿ. ಸೋಮವಾರ ನಾನೇ ಬಂದು ಹೇಳಿಕೆ ಕೊಡುತ್ತೇನೆ. ಹತ್ತು ಗಂಟೆಗೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರಿ. ನಾನು ಸೀಟಿನಿಂದ ಏಳದಿದ್ದರೆ, ಒಳಗೆ ಹತ್ತಿ ಬಂದು ನನ್ನನ್ನು ಇಳಿಸಿಕೊಳ್ಳಿ.

ಇಂತಿ,
ಸಿದ್ದಗಂಗಮ್ಮ